ಎಡಗೈಯ ಚರಗ

"ಈ ಲಾಟು ಪಾಸ್ ಆಗಲ್ಲ!"

ಪ್ರಿಯದರ್ಶಿನಿ ಭೂತಗನ್ನಡಿಯನ್ನು ಕಣ್ಣಿನಿಂದ ಸರಿಸದೆಯೇ ಹೇಳಿಬಿಟ್ಟಳು. ಆಗ ತಾನೇ ಪ್ರೆಸ್ಸು ನಿಂತಿದ್ದರಿಂದ ಶಿವಾಜಿನಗರದ ಆ ಇಕ್ಕಟ್ಟಿನ ವರ್ಕ್‌ಶಾಪಿನಲ್ಲಿ ಆ ಮಾತು ಎಲ್ಲರ ಕಿವಿಗೂ ಬಿತ್ತು.

"ಯಾ ಅಲ್ಲಾಹ್! ಏನ್ ಮೇಡಂ ಹಿಂಗಂತೀರ?" ಮಾಲೀಕರಾದ ಅಹ್ಮದ್ ಪಾಷಾ ಕುರ್ಚಿಯಿಂದ ಎದ್ದೇ ಬಿಟ್ಟರು. "ಡ್ರಾಯಿಂಗು ನಿಮ್ಮ ಆಫೀಸಲ್ಲೇ ಓಕೆ ಆಗಿತ್ತಲ್ಲ?"

"ಪೆನ್ಸಿಲ್ ಡ್ರಾಯಿಂಗಲ್ಲಿ ಇಷ್ಟು ಕಾಣ್ಸಿಲ್ಲ ಸಾಹೇಬ್ರೇ. ಇಲ್ಲಿ ನೋಡಿ... ಈ ರೈತ ಯಾವ ಕೈಲಿ ಚರಗ ಚೆಲ್ತಿದ್ದಾನೆ? ಎಡಗೈಲಿ! ದೇವ್ರ ಕೆಲಸ ಯಾರಾದ್ರೂ ಎಡಗೈಲಿ ಮಾಡ್ತಾರಾ?"

ಅವಳ ಅಂಗೈಯಲ್ಲಿದ್ದದ್ದು ಹೊಸ ಬೆಳ್ಳಿ ನಾಣ್ಯ. ಅಂಗಡಿಯಲ್ಲಿ ಚಲಾವಣೆಯಾಗುವ ನಾಣ್ಯವಲ್ಲ, ಸಂಗ್ರಹಿಸುವವರು ವೆಲ್ವೆಟ್ ಡಬ್ಬಿಯಲ್ಲಿ ಜೋಪಾನ ಮಾಡುವಂಥದ್ದು. ಅವಳು ಕೆಲಸ ಮಾಡುವ ಇಂದಿರಾನಗರದ ಕಂಪನಿ ಪ್ರತಿ ಚಳಿಗಾಲಕ್ಕೂ ಮನೆಮಂದಿಯೆಲ್ಲ ಸೇರಿ ಮಾಡುವ ಒಂದು ಹಬ್ಬವನ್ನು ಆರಿಸಿ ಇಂಥ ನಾಣ್ಯ ಮಾಡಿಸುತ್ತಿತ್ತು. ಒಂದು ವರ್ಷ ಸಂಕ್ರಾಂತಿಯ ಎಳ್ಳುಬೆಲ್ಲ. ಇನ್ನೊಂದು ವರ್ಷ ಕ್ರಿಸ್‌ಮಸ್ಸಿಗೆ ಮನೆಯವರೆಲ್ಲ ಮೇಜಿನ ಸುತ್ತ ಕೂತು ಕುಲ್‌ಕುಲ್ ಎಂಬ ಸಿಹಿತಿಂಡಿ ಹೊಸೆಯುವ ಚಿತ್ರ.

ಈ ಸಲ ಕಲಬುರಗಿ, ಬೀದರ್ ಕಡೆಯ ಎಳ್ಳ ಅಮಾವಾಸ್ಯೆ. ಅವತ್ತು ಮನೆಮಂದಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ತಂದ ಅಡುಗೆಯನ್ನೇ ಕಲಸಿ, ಚರಗವೆಂದು ಪೈರಿನ ಮೇಲೆ ಚೆಲ್ಲುತ್ತ ಒಬ್ಬರು "ಹುಲ್ಲುಲ್ಲಿಗೋ" ಎಂದು ಕೂಗಿದರೆ, ಹಿಂದೆ ನೀರು ಚಿಮುಕಿಸುತ್ತ ಬರುವವರು "ಚಲಾಂಬ್ರಿಗೋ" ಎಂದು ಓಗೊಡುತ್ತಾರೆ. ಆಮೇಲೆ ಎಲ್ಲರೂ ಹೊಲದಲ್ಲೇ ಕೂತು ಉಣ್ಣುತ್ತಾರೆ.

ನಾಣ್ಯದ ಮೇಲೆ ಅದೆಲ್ಲ ಇತ್ತು. ಚರಗ ಚೆಲ್ಲುವವನು, ಹಿಂದೆ ತಂಬಿಗೆ ಹಿಡಿದ ಹುಡುಗ, ಬಡಿಸುತ್ತ ಕೂತ ಹೆಂಗಸು. ಆದರೆ ಕೈ ಮಾತ್ರ ಎಡಗೈ!

"ಅಚ್ಚಲ್ಲಿ ಎಲ್ಲಾನೂ ಉಲ್ಟಾ ಕೆತ್ಬೇಕು ಅಲ್ವಾ? ಆಗ ತಾನೇ ನಾಣ್ಯದಲ್ಲಿ ಸರಿಯಾಗಿ ಬೀಳೋದು? ಅಕ್ಷರ ಉಲ್ಟಾ ಕೆತ್ತಿದ್ದೀರಿ, ಮನುಷ್ಯನ್ನ ಉಲ್ಟಾ ಮಾಡೋದು ಮರೆತಿದ್ದೀರಿ. ಕೆಲಸ ಕಲಿಯೋರು ಮಾಡೋ ತಪ್ಪು ಇದು!"

ಮೂಲೆಯ ಬೆಂಚಿನಲ್ಲಿ ಕೂತಿದ್ದವನು ಅಷ್ಟು ಹೊತ್ತಿಗೆ ತಲೆಯೆತ್ತಿದ. ಕೈಯಲ್ಲಿ ಉಳಿ, ಹುಬ್ಬಿನ ಮೇಲೆ ಲೋಹದ ಪುಡಿ. ಅಚ್ಚು ಕೆತ್ತುವವನು, ಬಸು. ಅವನ ಕಣ್ಣು ನೇರವಾಗಿ ಅವಳ ಕಣ್ಣಿಗೇ ಬಂದು ನಿಂತಿತು.

ಅಬ್ಬಾ, ಎಂಥ ನೋಟ! ಪ್ರಿಯದರ್ಶಿನಿ ಒಂದು ಕ್ಷಣ ತಡಬಡಾಯಿಸಿದಳು. ಆದರೆ ಕ್ವಾಲಿಟಿ ಚೆಕ್ ಮಾಡುವವಳು ತಡಬಡಾಯಿಸಿದರೆ ಕೆಲಸ ನಡೆಯುತ್ತದೆಯೇ?

"ಇನ್ನೊಂದು ತಪ್ಪಿದೆ," ಎಂದಳು ಗಂಟಲು ಸರಿಮಾಡಿಕೊಂಡು. "ಈ ಹೆಂಗಸಿನ ಪಕ್ಕ ಒಂದು ತಟ್ಟೆ. ತುಂಬ ಬಡಿಸಿದೆ, ಮುಂದೆ ಯಾರೂ ಇಲ್ಲ. ಇದ್ಯಾಕೆ? ತೆಗೆದ್ಬಿಡಿ."

"ಕೈ ಬದಲಾಯಿಸ್ತೀನಿ," ಎಂದ ಅವನು. "ತಟ್ಟೆ ತೆಗೆಯಲ್ಲ."

"ಅಂದ್ರೆ?"

"ಅಂದ್ರೆ ತೆಗೆಯಲ್ಲ ಮೇಡಂ. ಚರಗ ಅಂದ್ರೇನು ಅಂತ ಗೊತ್ತಾ ನಿಮಗೆ? ಯಾವತ್ತಾದ್ರೂ ನೋಡಿದ್ದೀರಾ?"

"ಕಂಪನಿಯವ್ರು ಎಲ್ಲಾ ಡೀಟೇಲ್ಸ್ ಕೊಟ್ಟಿದ್ದಾರೆ," ಎಂದು ಹೇಳಿ, ಚೀಲದಿಂದ ಕೆಂಪು ಮಾರ್ಕರ್ ತೆಗೆದು, ಒಂದು ನಾಣ್ಯದ ಮೇಲೆ ಆ ರೈತನ ತೋಳಿಗೆ ಅಡ್ಡವಾಗಿ ಗೀಟು ಎಳೆದಳು. ರಿಜೆಕ್ಟ್! ಆ ಒಂದನ್ನು ಸ್ಯಾಂಪಲ್ಲೆಂದು ಪುಟ್ಟ ಕವರಿಗೆ ಹಾಕಿ ಚೀಲಕ್ಕೆ ಸೇರಿಸಿಕೊಂಡಳು. ಉಳಿದ ಲಾಟು ಕರಗಿ ಮತ್ತೆ ಬೆಳ್ಳಿ ಗಟ್ಟಿಯಾಗಬೇಕು.

ಸುಳ್ಳು! ಶುದ್ಧ ಸುಳ್ಳು! ಕಂಪನಿಯವರು ಕೊಟ್ಟ ವಿವರದಿಂದ ಅವಳು ಚರಗವನ್ನು ಕಲಿಯಬೇಕಿತ್ತೇ?

ಪ್ರಿಯದರ್ಶಿನಿ ಆಳಂದದ ಹತ್ತಿರದ ಹಳ್ಳಿಯವಳು. ಅಪ್ಪ ಪೀರಪ್ಪ, ಅವ್ವ ಭೀಮಬಾಯಿ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬಂದಾಗ ಅವಳಿನ್ನೂ ಲಂಗ ಹಾಕುವ ಹುಡುಗಿ. ಶಾಲೆಯಲ್ಲಿ "ಹೋಗ್ಲತ್ತೀನಿ" ಎಂದಿದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು. ಅವತ್ತಿನಿಂದ ಅವಳು ಮನೆಯ ಮಾತನ್ನು ಮನೆಯಲ್ಲೇ ಬಿಟ್ಟು ಹೊರಡುವುದನ್ನು ಕಲಿತಳು. ಆಫೀಸಿನಲ್ಲಿ ಅವಳು ಎಲ್ಲಿಯವಳೆಂದು ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ "ಇಲ್ಲೇ, ಕಗ್ಗದಾಸಪುರ" ಅಷ್ಟೇ.

ಈಗ ಅಪ್ಪನಿಲ್ಲ. ಕೊರೊನಾ ವರ್ಷದಲ್ಲಿ ಹೋದ. ಅವ್ವ ಜೀವನ್ ಬಿಮಾ ನಗರದ ಮನೆಗಳಿಗೆ ಜೋಳದ ರೊಟ್ಟಿ ತಟ್ಟಿಕೊಡುತ್ತಾಳೆ. ಪ್ರಿಯದರ್ಶಿನಿ ಬೆಳಿಗ್ಗೆ ಎದ್ದರೆ ಕಗ್ಗದಾಸಪುರದ ರೈಲ್ವೆ ಗೇಟು, ಇಂದಿರಾನಗರದ ಟ್ರಾಫಿಕ್ಕು, ಬಸ್ಸಿನಲ್ಲಿ ಕಂಬಕ್ಕೆ ಒರಗಿ ನಿದ್ದೆ. ದಿನವಿಡೀ ಭೂತಗನ್ನಡಿಯಲ್ಲಿ ತಪ್ಪು ಹುಡುಕುವುದು. ಕಣ್ಣು ಉರಿಯುವುದು ನಿಂತು ಎಷ್ಟೋ ಕಾಲವಾಗಿತ್ತು. ಈಗ ಬರೀ ಭಾರ.

'ಎಷ್ಟು ಸುಸ್ತಾಗಿದೆ ದೇವ್ರೇ... ಯಾರಾದ್ರೂ ಒಂದು ದಿನ, ಕೂತ್ಕೋ, ನಾನು ನೋಡ್ಕೋತೀನಿ ಅಂದಿದ್ರೆ!'

ಹಾಗೆ ಹೇಳುವವರು ಯಾರೂ ಇರಲಿಲ್ಲ.

* * *

ಹೊಸ ಅಚ್ಚು ಆಗುವ ತನಕ ದಿನಾ ಶಿವಾಜಿನಗರಕ್ಕೆ ಹೋಗಿ ನಿಲ್ಲಬೇಕೆಂದು ಮ್ಯಾನೇಜರ್ ಸಿದ್ರಾ ಹೇಳಿದಳು. "ಡೇಟ್ ಮಿಸ್ ಆಗ್ಬಾರ್ದು ಪ್ರಿಯಾ. ಅಮಾವಾಸ್ಯೆ ಆದ್ಮೇಲೆ ಆ ನಾಣ್ಯ ಯಾರ್ ತಗೋತಾರೆ?"

ಸರಿ, ಇವಳು ಹೋದಳು. ಬಸು ಬಾಯಿಗೆ ಬೀಗ ಹಾಕಿಕೊಂಡು ಕೆತ್ತಿದ. ಇವಳು ಎದುರಿನ ಸ್ಟೂಲಿನಲ್ಲಿ ಕೂತು ಅವನ ಕೈ ನೋಡಿದಳು. ಒರಟು ಬೆರಳು. ಆದರೆ ಉಳಿ ಮುಟ್ಟಿದರೆ ಸಾಕು, ಅದೆಲ್ಲಿಂದ ಅಷ್ಟು ನಯ ಬರುತ್ತಿತ್ತೋ! 'ಇಷ್ಟು ಚೆನ್ನಾಗಿ ಕೆತ್ತೋನು ಅಂಥ ತಪ್ಪು ಹೆಂಗೆ ಮಾಡ್ದ?' ಎಂದು ಅವಳಿಗೆ ಪ್ರತಿದಿನ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಸ್ಟೂಲಿನಲ್ಲೇ, ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿಬಿಟ್ಟಳು.

ಎಚ್ಚರವಾದಾಗ ವರ್ಕ್‌ಶಾಪು ಸ್ತಬ್ಧವಾಗಿತ್ತು. ಪ್ರೆಸ್ಸಿಲ್ಲ, ಸುತ್ತಿಗೆಯಿಲ್ಲ. ಹೊರಗೆ ಪಾಷಾ ಅವರು ಪಿಸುಮಾತಿನಲ್ಲಿ ರೇಗುತ್ತಿದ್ದರು. "ಕ್ಯಾರೇ ಬಸು! ಪ್ರೆಸ್ ಯಾಕ್ ಆಫ್ ಮಾಡ್ದೆ? ಆರ್ಡರು ನಿಮ್ ತಾತ ಕೊಡ್ತಾರಾ?"

"ಸ್ವಲ್ಪ ಹೊತ್ತು ಭಾಯ್... ಮಲಗ್ಲಿ. ಭಾಳ ದಣದಾಳ ಆಕಿ."

ದಣದಾಳ ಆಕಿ!

ಪ್ರಿಯದರ್ಶಿನಿ ಕಣ್ಣು ಮುಚ್ಚಿಯೇ ಇದ್ದಳು. ಅಪ್ಪ ಹೋದ ಮೇಲೆ ತನ್ನ ಬಗ್ಗೆ ಆ ಮಾತನ್ನು, ಆ ದನಿಯಲ್ಲಿ ಯಾರೂ ಆಡಿರಲಿಲ್ಲ. ರೆಪ್ಪೆಯ ಅಂಚಿನಲ್ಲಿ ನೀರು ಬಂತು. ಒರೆಸಿಕೊಂಡರೆ ಎಚ್ಚರವಾಗಿದೆಯೆಂದು ಗೊತ್ತಾಗುತ್ತದಲ್ಲ ಎಂದು ಹಾಗೇ ಬಿಟ್ಟಳು.

ಅವತ್ತು ಬಸು ಅವಳ ಮುಂದೆ ಸುಲೈಮಾನಿ ಚಹಾದ ಲೋಟ ಇಟ್ಟ. "ಕುಡೀರಿ. ನಿಂಬೆಹಣ್ಣು ಜಾಸ್ತಿ ಹಾಕ್ಸಿದ್ದೀನಿ, ತಲೆನೋವಿಗೆ ಒಳ್ಳೇದು."

"ನಂಗೆ ತಲೆನೋವು ಅಂತ ಯಾರ್ ಹೇಳಿದ್ರು?"

"ಹಣೆ ಒತ್ಕೋತಾನೇ ಇರ್ತೀರಲ್ಲ, ಬಂದಾಗ್ಲಿಂದ."

ಓಹೋ! ಹಾಗಾದರೆ ಕೆಲಸ ಬಿಟ್ಟು ಇವನೂ ನೋಡುತ್ತಿದ್ದ! ಅವಳಿಗೆ ನಗು ಬಂತು. ಅವನೂ ನಕ್ಕ. ಆಮೇಲೆ ದಿನಾ ಲೋಟ ಬಂತು, ನಾಲ್ಕು ಮಾತೂ ಬಂದವು. ಬೀದರಿನ ಬಿದ್ರಿ ಕೆಲಸದ ಮನೆಯೊಂದರಲ್ಲಿ ಅವನು ಕೆತ್ತನೆ ಕಲಿತದ್ದು, ತಾಯಿತಂದೆಯಿಲ್ಲದ್ದು, ಲಾಕ್‌ಡೌನ್ ಮುಗಿದ ಮೇಲೆ ಒಬ್ಬನೇ ಇಲ್ಲಿಗೆ ಬಂದದ್ದು.

"ನೀವು ಪಕ್ಕಾ ಬೆಂಗ್ಳೂರೋರಾ?" ಎಂದು ಅವನು ಕೇಳಿದ ದಿನ ನಿಜ ಅವಳ ನಾಲಿಗೆಯ ತುದಿಗೆ ಬಂದಿತ್ತು. ನಾನೂ ನಿಮ್ಮ ಕಡೆಯವಳೇ ಕಣೋ ಎಂದು ಹೇಳಿದ್ದರೆ ಆಗುತ್ತಿತ್ತು. ಆದರೆ ಇಷ್ಟು ದಿನ ಮುಚ್ಚಿಟ್ಟವಳು ಈಗ ಹೇಳಿದರೆ ಏನು ತಿಳಿದುಕೊಂಡಾನು?

"ಹ್ಞೂಂ. ಇಲ್ಲೇ," ಎಂದಳು.

ಅವನ ಮುಖ ಯಾಕೋ ಸಪ್ಪಗಾಯಿತು.

ಅಮಾವಾಸ್ಯೆ ಹತ್ತಿರ ಬಂದಂತೆ ಪಾಷಾ ಅವರೇ ಗುಟ್ಟು ಬಿಚ್ಚಿದರು. "ನೋಡಿ ಬೇಟಾ, ಈ ಹುಡುಗ ಹೈದರಾಬಾದಿಗೆ ಹೊರಟಿದ್ದಾನೆ. ಅಲ್ಲಿ ಕೆಲಸ ಸಿಕ್ಕಿದೆಯಂತೆ. ಅಮಾವಾಸ್ಯೆ ದಿನಾನೇ ಟ್ರೇನು. ನಾನು ನಕ್ಕೋ ನಕ್ಕೋ, ಬೇಡಪ್ಪಾ ಅಂದೆ, ಕೇಳ್ತಾ ಇಲ್ಲ."

ಪ್ರಿಯದರ್ಶಿನಿ ನೇರವಾಗಿ ಅವನ ಬೆಂಚಿನ ಹತ್ತಿರ ಹೋಗಿ ನಿಂತಳು.

"ಒಂದು ತಪ್ಪು ತೋರಿಸಿದ್ದಕ್ಕೆ ಊರೇ ಬಿಟ್ಟು ಹೋಗ್ತೀರಾ?"

"ತಪ್ಪಲ್ಲ ಮೇಡಂ ಅದು."

"ಮತ್ತೇನು? ಹೇಳಿ! ಹೇಳಿದ್ರೆ ತಾನೇ ಗೊತ್ತಾಗೋದು?"

ಅವನು ಉಳಿಯನ್ನು ಕೆಳಗಿಟ್ಟ. "ಕೈ ಬದಲಾಯಿಸಿದ್ದೀನಿ, ನೋಡ್ಕೊಳ್ಳಿ. ತಟ್ಟೆ ತೆಗೆಯೋಕೆ ನನ್ನ ಕೈ ಬರಲ್ಲ. ಬೇರೆ ಯಾರ ಕೈಲಾದ್ರೂ ತೆಗೆಸಿ. ನಾಳೆ ಹಳೇ ಲಾಟು ಕರಗಿಸ್ತೀವಿ. ಅಲ್ಲಿಗೆ ಮುಗೀತು."

"ಬಸು..."

"ನೀವು ಬೆಂಗ್ಳೂರೋರು. ಹೇಳಿದ್ರ ನಿಮಗ ತಿಳಿಯಂಗಿಲ್ಲ."

ಕೋಪಕ್ಕೋ ದುಃಖಕ್ಕೋ, ಅವನ ಮಾತು ಊರ ಕಡೆಗೆ ಜಾರಿತ್ತು. ಅದೇ ಮಾತಿನಲ್ಲಿ ಉತ್ತರ ಕೊಡಬೇಕೆನ್ನಿಸಿದರೂ ಅವಳು ಚೀಲ ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿನತ್ತ ನಡೆದಳು.

* * *

ಮನೆಯಲ್ಲಿ ಭೀಮಬಾಯಿ ಸಜ್ಜೆ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

"ಯಾಕವ್ವಾ, ಈ ಸಲ ಹಬ್ಬ ಮಾಡ್ತೀ ಏನು?" ಎಂದಳು ಮಗಳು, ಚಪ್ಪಲಿ ಬಿಡುತ್ತ. ಹೊಸ್ತಿಲು ದಾಟಿದರೆ ಅವಳ ನಾಲಿಗೆ ತಾನಾಗಿ ತಿರುಗುತ್ತಿತ್ತು.

"ಹಬ್ಬ ಎಲ್ಲೀದು? ನಾಕು ರೊಟ್ಟಿ ಬಡೀತೀನಿ, ಕಾಳು-ಕಾಯಿಪಲ್ಯದ ಬಜ್ಜಿ ಕುದಸ್ತೀನಿ. ಚರಗ ಯಾರು ಚೆಲ್ಲೋರು?"

"ನಾ ಚೆಲ್ತೀನಿ. ನೀ ಓಗೊಡು."

ಭೀಮಬಾಯಿ ಜರಡಿ ನಿಲ್ಲಿಸಿದಳು. "ನೀರು ಹಿಡದು ನಿಮ್ಮಪ್ಪನ ಹಿಂದ ನಡದಾಕಿ ನಾ. ಇನ್ನ ಯಾರ ಹಿಂದೂ ಓಗೊಡಾಕ ನನಗ ದನಿ ಬರಂಗಿಲ್ಲ ಪಿರಿಯಾ. ಓಗೊಡೋರಿಲ್ದ ಚರಗ ಚೆಲ್ಲಬಾರದು. ಬಿಡು."

ಪ್ರತಿ ವರ್ಷ ಇದೇ ಮಾತು. ಪ್ರಿಯದರ್ಶಿನಿ ಚೀಲದಿಂದ ಊಟದ ಡಬ್ಬಿ ತೆಗೆಯುವಾಗ ಅದರ ಜೊತೆಗೆ ಪುಟ್ಟ ಕವರೂ ಜಾರಿ ನೆಲಕ್ಕೆ ಬಿತ್ತು.

"ಇದೇನಿದು, ಬೆಳ್ಳಿ?"

"ರಿಜೆಕ್ಟ್ ಪೀಸು. ತಪ್ಪು ಕೆತ್ಯಾರ. ನೋಡು, ನಮ್ಮ ಎಳ್ಳಮಾಸಿನೇ. ಎಡಗೈಲಿ ಚರಗ ಚೆಲ್ಲಿಸ್ಯಾರ!"

ಭೀಮಬಾಯಿ ನಾಣ್ಯವನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದಳು. ಹಾಗೇ ಹಿಡಿದೇ ಇದ್ದಳು. ಆಮೇಲೆ ಗೋಡೆಗೆ ಒರಗಿ ಮೆಲ್ಲಗೆ ನೆಲದ ಮೇಲೆ ಕೂತುಬಿಟ್ಟಳು.

"ಅವ್ವಾ! ಏನಾತು?"

"ಇಂವ ನಿಮ್ಮಪ್ಪ ಅದಾನಲ್ಲೇ..."

"ಏನಂತೀ?"

"ಬಲಗೈ ನೋಡು. ಟವೆಲ್ ಒಳಗ ಮುಚ್ಚಿಟ್ಟಾನ. ಕಟ್ಟಡದಾಗ ಕೈ ಜಜ್ಜಿ ಹೋದ ಮ್ಯಾಲ ಮಂದಿ ಮುಂದ ಹಿಂಗೇ ಮುಚ್ಚತಿದ್ದ. ನೀ ನೋಡಿಲ್ಲೇನು?"

ನೋಡಿದ್ದಳು. ಅಪ್ಪ ಎಡಗೈಯಲ್ಲಿ ಉಣ್ಣುವುದನ್ನು, ಎಡಗೈಯಲ್ಲಿ ಬೀಗ ತೆಗೆಯುವುದನ್ನು ದಿನಾ ನೋಡಿದ್ದಳು. ಆದರೆ ಎಡಗೈಯಲ್ಲಿ ಚರಗ ಚೆಲ್ಲುವುದನ್ನು ನೋಡಿರಲಿಲ್ಲ. ಕೈ ಹೋದ ಮೇಲಿನ ಒಂದು ಎಳ್ಳ ಅಮಾವಾಸ್ಯೆಗೂ ಅವಳಿಗೆ ರಜೆ ಸಿಕ್ಕಿರಲಿಲ್ಲ. ನೆನಪಿನಲ್ಲಿದ್ದದ್ದು ಹಳ್ಳಿಯ ಹೊಲ, ಬಲಗೈ ಗಟ್ಟಿಯಿದ್ದ ಅಪ್ಪ!

"ಆ ವರ್ಷ ಲಾಕ್‌ಡೌನ್ ಆಗಿತ್ತಲ್ಲ," ಭೀಮಬಾಯಿ ಕಣ್ಣೊರೆಸಿಕೊಂಡಳು. "ಕೆರೀ ಕಡೆ ಖಾಲಿ ಸೈಟಿನಾಗ ನಾನೂ ನಿಮ್ಮಪ್ಪನೂ ಹೋಗಿದ್ವಿ. ಕೂಗಿದ್ದು ಕೇಳಿ ಒಬ್ಬ ಹುಡುಗ ಓಡಿ ಬಂದ, ಬೀದರ್ ಕಡಿಯಂವ. ಕಾಂಪೌಂಡ್ ಹಿಡಕೊಂಡು ಅಳಕೋತ ನಿಂತಿದ್ದ. ನಿಮ್ಮಪ್ಪ ಒಳಗ ಕರದ. ನನ್ನ ಕೈಯಾನ ತಂಬಿಗಿ ತಗೊಂಡು ಅವನ ಕೈಗೆ ಕೊಟ್ಟ. ಅವತ್ತು ಓಗೊಟ್ಟಂವ ಅಂವನೇ. ಇಲ್ನೋಡು, ಹಿಂದ ತಂಬಿಗಿ ಹಿಡದು ನಿಂತಾನಲ್ಲ!"

ಪ್ರಿಯದರ್ಶಿನಿ ನಾಣ್ಯದ ಮೇಲೆ ಬೆರಳಿಟ್ಟಳು. "ಈ... ಈ ತಾಟ, ಅವ್ವಾ? ನಿನ್ನ ಪಕ್ಕದಾಗ?"

"ಅದು ನಿಂದು."

ಪ್ರಿಯದರ್ಶಿನಿ ಅವ್ವನ ಪಕ್ಕದಲ್ಲಿ ಕೂತಳು.

"ಪ್ರತಿ ವರ್ಷ ಹಾಕಸ್ತಿದ್ದ. ಯಾರದು ಅಂತ ಆ ಹುಡುಗ ಕೇಳಿದ್ದಕ್ಕ ನಿಮ್ಮಪ್ಪ ಏನಂದ ಗೊತ್ತದ ಏನು? ನನ್ನ ಮಗಳ ತಾಟ ಇದು. ಕೆಲಸದಾಗ ಅದಾಳ. ದಣದು ಬರ್ತಾಳ, ಆಕಿಗಂತ ಒಂದು ಜಾಗ ಇರಬೇಕು ಅಂದ."

ಅಯ್ಯೋ ದೇವರೇ!

ತೆಗೆದ್ಬಿಡಿ ಅಂದಿದ್ದಳಲ್ಲ ಅವಳು. ತನ್ನದೇ ತಟ್ಟೆಯನ್ನು! ಅಪ್ಪನ ತೋಳಿನ ಮೇಲೆ ತನ್ನ ಕೈಯಾರೆ ಕೆಂಪು ಗೀಟು ಎಳೆದಿದ್ದಳಲ್ಲ! ಮನೆಯಲ್ಲಿ ಅಪ್ಪನದೆಂದು ಇದ್ದದ್ದು ಆಧಾರ್ ಕಾರ್ಡಿನ ಮಸುಕು ಫೋಟೋ ಒಂದೇ. ನಗುತ್ತ, ಕೂಗುತ್ತ, ಚರಗ ಚೆಲ್ಲುವ ಅಪ್ಪ ಇಷ್ಟು ದಿನ ಶಿವಾಜಿನಗರದ ಒಂದು ಡಬ್ಬಿಯ ತುಂಬ ಇದ್ದ. ಬೆಳಗಾದರೆ ಕರಗಿಹೋಗುತ್ತಾನೆ.

ಭೀಮಬಾಯಿಯ ಮಡಿಲಲ್ಲಿ ಮುಖವಿಟ್ಟು ಅವಳು ಬಿಕ್ಕಿ ಬಿಕ್ಕಿ ಅತ್ತಳು.

* * *

ಬೆಳಿಗ್ಗೆ ಪಾಷಾ ಅವರ ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಆಟೋ ಹತ್ತಿದರೆ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿಯೋ, ಮುಗಿಯುವುದೇ ಇಲ್ಲ! ಹಲಸೂರಿನಲ್ಲಿ ಮತ್ತೆ ಜಾಮು.

'ಕರಗಿಸ್ಬೇಡಿ... ದಯವಿಟ್ಟು ಒಂದು ಸ್ವಲ್ಪ ಹೊತ್ತು ಕಾಯಿರಿ...'

ಶಿವಾಜಿನಗರದಲ್ಲಿ ಇಳಿದವಳು ಗಲ್ಲಿಯುದ್ದಕ್ಕೂ ಓಡಿದಳು. ಮೆಟ್ಟಿಲು ಹತ್ತುವಾಗಲೇ ಬಿಸಿ ಲೋಹದ ವಾಸನೆ ಮೂಗಿಗೆ ಬಡಿಯಿತು.

ಬೆಳ್ಳಿ ಕರಗಿಸುವ ಮೂಸೆ ಕೆಳಗಿಳಿದಿತ್ತು. ಎರಕದ ತೊಟ್ಟಿಯಲ್ಲಿ ಅದು ಆಗಲೇ ಗಟ್ಟಿಯಾಗುತ್ತಿತ್ತು. ಹಳೆಯ ಅಚ್ಚಿನ ಮುಖವನ್ನೂ ಉಜ್ಜಿ ನುಣ್ಣಗೆ ಮಾಡಿಟ್ಟಿದ್ದರು.

"ಕರಗಿಸಿಬಿಟ್ರಾ?" ಅವಳು ಬಾಗಿಲಲ್ಲೇ ಕುಸಿದಳು. "ಎಲ್ಲಾನೂ?"

"ನೀವೇ ಹೇಳಿದ್ರಲ್ಲ ಬೇಟಾ..." ಪಾಷಾ ಗಾಬರಿಯಾದರು. "ಅರೇ, ನೀರು ತಗೊಂಡ್ ಬಾ ಬಸು!"

ಬಸು ಬಂದ. ಹೆಗಲಲ್ಲಿ ಬ್ಯಾಗು, ರೈಲು ನಾಳೆಯಾದರೂ ಇಲ್ಲಿಯ ಕೆಲಸ ಮುಗಿಸಿ ಹೊರಟಂತಿತ್ತು. ಅವಳು ಅವನ ಕೈಯಲ್ಲಿದ್ದ ನೀರನ್ನು ನೋಡಲಿಲ್ಲ, ಮುಖ ನೋಡಿದಳು. ಮುಚ್ಚಿಟ್ಟದ್ದೆಲ್ಲ ಆಗ ಕಟ್ಟೆಯೊಡೆಯಿತು.

"ಅಂವ ನಮ್ಮಪ್ಪ ಇದ್ದ ಬಸು! ನೀ ಕೆತ್ತಿದ್ದು ನಮ್ಮಪ್ಪನ್ನ! ನಾ ಗುರುತು ಹಿಡೀಲಿಲ್ಲ... ಹೆತ್ತ ಮಗಳು ಗುರುತು ಹಿಡೀಲಿಲ್ಲ. ಎಡಗೈ ಅಂತ ಗೀಟು ಹೊಡದೆ. ಆ ತಾಟ ನಂದೇ ಇತ್ತು, ಅದನ್ನ ತೆಗಿ ಅಂದೆ..."

ಬಸು ನೀರಿನ ಲೋಟವನ್ನು ಬೆಂಚಿನ ಮೇಲಿಟ್ಟ.

"ನೀ... ಪೀರಪ್ಪ ಕಾಕಾನ ಮಗಳೇನು?"

ಅವಳು ತಲೆಯಾಡಿಸಿದಳು.

"ನಮ್ಮ ಮಾತು ಆಡ್ಲತ್ತೀ," ಎಂದ ಅವನು, ಅಷ್ಟೇ ಸಾಕೆಂಬಂತೆ. ಅವನ ಕಣ್ಣೂ ತುಂಬಿತ್ತು. "ಮುಂದಿನ ವರ್ಷ ಅದೇ ಸೈಟಿಗೆ ಹೋಗಿದ್ದೆ. ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿತ್ತು. ಮನಿ ಎಲ್ಲಿ ಅಂತ ನಾ ಕೇಳಿಟ್ಟುಕೊಂಡಿರಲಿಲ್ಲ. ಭಾಳ ಹುಡುಕಿದೆ. ಈ ನಾಣ್ಯ ಎಲ್ಲರ ಕಣ್ಣಿಗೂ ಬೀಳ್ತದಲ್ಲ, ಅವರ ಕಣ್ಣಿಗೂ ಎಲ್ಯಾರ ಬೀಳಲಿ ಅಂತ ಕೆತ್ತಿದೆ. ಕಾಕಾ ಹ್ಯಾಂಗದಾರ?"

"ಹೋಗಿಬಿಟ್ಟ. ಅದರ ಮುಂದಿನ ಬ್ಯಾಸಗಿಗೇ. ಕೊರೊನಾದಾಗ."

ಬಸು ಬೆಂಚಿಗೆ ಕೈಯೂರಿ ಕೂತ. ಪಾಷಾ ಅವರು ಎರಡೂ ಅಂಗೈ ಮೇಲೆತ್ತಿ ಏನನ್ನೋ ಮೆಲ್ಲಗೆ ಹೇಳಿಕೊಂಡರು.

"ಎಡಗೈ ಅಂತ ನಾನೂ ಅವತ್ತು ಕೇಳಿದ್ದೆ," ಎಂದ ಬಸು. "ನಕ್ಕುಬಿಟ್ರು. ಭೂಮ್ತಾಯಿ ಯಾವ ಕೈ ಅಂತ ನೋಡ್ತಾಳೇನೋ ತಮ್ಮಾ, ಯಾರು ಬಂದಾರ ಅಂತ ನೋಡ್ತಾಳ ಅಂದ್ರು. ಅದಕ್ಕೇ ಕೈ ಬದಲಾಯಿಸು ಅಂದಾಗ ನನಗ ಸಿಟ್ಟು ಬಂತು. ಆದ್ರ ತಾಟ... ಅದು ಆಗಂಗಿಲ್ಲ ಅನ್ನಿಸ್ತು. ಆ ತಾಟಿನ ಹುಡುಗಿ ಯಾರಿರಬೇಕು, ಈಗರ ಆಕಿಗೆ ಕೂಡಾಕ ಪುರಸತ್ತು ಸಿಕ್ಕದ ಏನು ಅಂತ ಎಷ್ಟು ಸಲ ಅನಕೊಂಡೀನಿ..."

ಪ್ರಿಯದರ್ಶಿನಿ ಮೆಲ್ಲಗೆ ಚೀಲ ತೆರೆದಳು. ಕವರಿನಿಂದ ಆ ರಿಜೆಕ್ಟ್ ನಾಣ್ಯವನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. ಉಳಿದದ್ದು ಅದೊಂದೇ.

ಬಸು ಸ್ಪಿರಿಟಿನಲ್ಲಿ ಬಟ್ಟೆ ಅದ್ದಿದ. ಕೆಂಪು ಗೀಟು ಸ್ವಲ್ಪ ಸ್ವಲ್ಪವಾಗಿ ಹೋಯಿತು. ಟವೆಲಿನೊಳಗೆ ಮುಚ್ಚಿದ ಬಲಗೈ, ಆಕಾಶಕ್ಕೆ ಚಾಚಿದ ಎಡಗೈ, ಅಪ್ಪ.

ಅವಳು ಅಲ್ಲೇ ನಿಂತು ಸಿದ್ರಾಗೆ ಫೋನ್ ಮಾಡಿದಳು. "ಸಿದ್ರಾ, ತಪ್ಪು ನಂದು. ಹಳೇ ಡಿಸೈನು ಸರಿಯಾಗೇ ಇತ್ತು, ನಾನು ತಿಳೀದೆ ರಿಜೆಕ್ಟ್ ಮಾಡ್ದೆ. ಹೊಸ ಅಚ್ಚು ಪಾಸ್ ಮಾಡ್ತಿದ್ದೀನಿ, ಸಂಜೆಯೊಳಗೆ ನಾಣ್ಯ ಕೈಗೆ ಬರುತ್ತೆ. ತಟ್ಟೆ ಇರುತ್ತೆ. ಅದನ್ನ ಯಾರೂ ತೆಗೆಯೋ ಹಾಗಿಲ್ಲ... ಯಾಕೆ ಅಂದ್ರೆ, ಅದು ನಮ್ಮ ಹಬ್ಬ ಸಿದ್ರಾ. ನಾನು ಕಲಬುರಗಿ ಕಡೆಯವಳು. ಹ್ಞೂಂ, ಇಷ್ಟು ದಿನ ಹೇಳಿರ್ಲಿಲ್ಲ. ಮತ್ತೆ, ಆ ರಿಜೆಕ್ಟ್ ಪೀಸು ನಂಗೆ ಬೇಕು."

ಆ ಕಡೆಯಿಂದ ಸಿದ್ರಾ, "ಇಟ್ಕೋ ಪ್ರಿಯಾ. ನಾಳೆ ರಜೆನೂ ತಗೋ. ನಿನ್ನ ದನಿ ಕೇಳೋಕಾಗ್ತಿಲ್ಲ," ಎಂದಳು.

ಫೋನಿಟ್ಟಾಗ ಬಸು ಬ್ಯಾಗಿನ ಪಟ್ಟಿಯನ್ನು ತಿರುವುತ್ತ ನಿಂತಿದ್ದ.

"ನಾಳಿ ನಿನ್ನ ರೈಲು..." ಎಂದಳು ಅವಳು.

"ಹೌದು. ಹೈದರಾಬಾದಿನವರಿಗೆ ಮಾತು ಕೊಟ್ಟೀನಿ."

ಹೋಗಬೇಡ ಎನ್ನಲು ಅವಳಿಗೆ ಯಾವ ಹಕ್ಕಿತ್ತು? ಎಲ್ಲರ ಮುಂದೆ ಅವನನ್ನು ಕೆಲಸ ಕಲಿಯುವವನೆಂದು ಹೀಗಳೆದವಳು.

"ನಾಳಿ ನಾ ಚರಗ ಚೆಲ್ತೀನಿ," ಎಂದಳು ನೆಲ ನೋಡುತ್ತ. "ಅದೇ ಕೆರೀ ದಂಡೀಗೆ. ನಮ್ಮನ್ಯಾಗ ಓಗೊಡೋರು ಯಾರೂ ಇಲ್ಲ. ಸುಮ್ನ ಹೇಳ್ದೆ... ಅಷ್ಟೇ."

ಅವನು ಏನಾದರೂ ಹೇಳುವ ಮೊದಲೇ ಅವಳು ಮೆಟ್ಟಿಲಿಳಿದಿದ್ದಳು.

* * *

ಕಗ್ಗದಾಸಪುರದ ಕೆರೆಯ ದಂಡೆಯಲ್ಲಿ ಯಾರೋ ಸೊಪ್ಪು ಬೆಳೆದ ತುಂಡು ನೆಲವಿತ್ತು. ಸುತ್ತ ಅಪಾರ್ಟ್‌ಮೆಂಟುಗಳು, ಬಾಲ್ಕನಿಗಳಲ್ಲಿ ಒಣಗಿಸಿದ ಬಟ್ಟೆ. ಭೀಮಬಾಯಿ ದೇವರೆಂದು ಇಟ್ಟ ಕಲ್ಲುಗಳಿಗೆ ಸುಣ್ಣ ಹಚ್ಚಿ, ಅರಿಶಿನ ಕುಂಕುಮವಿಟ್ಟು ಪೂಜಿಸಿದಳು. ಸಜ್ಜೆ ರೊಟ್ಟಿ, ಬಜ್ಜಿ, ಕಡುಬು ಬಿಚ್ಚಿಟ್ಟು, ನೀರಿನ ತಂಬಿಗೆಯನ್ನು ಪಕ್ಕದಲ್ಲಿಟ್ಟುಕೊಂಡಳು. ಆಮೇಲೆ ತಟ್ಟೆ ಇಟ್ಟಳು. ತನಗೊಂದು, ಮಗಳಿಗೊಂದು. ತಡೆದು, ಇನ್ನೊಂದು.

"ಯಾರದವ್ವಾ ಅದು?"

"ಇರಲಿ ಬಿಡು," ಎಂದಳು ಭೀಮಬಾಯಿ. "ಕೆಲಸದಾಗ ಅದಾನ."

ಬಿಸಿಲೇರಿತು. ಪ್ರಿಯದರ್ಶಿನಿ ರಸ್ತೆಯ ಕಡೆ ನೋಡಿದಳು, ಮತ್ತೆ ನೋಡಿದಳು. ಆಟೋ ಬಂದವು, ಹೋದವು. ಅಷ್ಟು ಹೊತ್ತಿಗೆ ಹೈದರಾಬಾದಿನ ರೈಲು ಹೊರಟಿರಬೇಕು.

'ನಾನೇನು ಅವನಿಗೆ? ಯಾಕೆ ಬರ್ತಾನೆ?'

ದಣಿವು ಮತ್ತೆ ಬಂದು ಹೆಗಲ ಮೇಲೆ ಕೂತಿತು. ಸಾಕು, ಮನೆಗೆ ಹೋಗಿ ಮಲಗೋಣ ಅನ್ನಿಸಿತು. ಆದರೂ ಎದ್ದಳು. ಚರಗದ ಬುಟ್ಟಿಯನ್ನು ಬಲಗಡೆಯ ಸೊಂಟಕ್ಕಿಟ್ಟುಕೊಂಡು ಎಡಗೈ ತುಂಬ ತೆಗೆದುಕೊಂಡಳು.

"ಬಲಗೈ ಗಟ್ಟಿ ಅದಲ್ಲವಾ ನಿಂದು?" ಎಂದಳು ಭೀಮಬಾಯಿ.

"ಅಪ್ಪನ ಚರಗ ಇದು ಅವ್ವಾ."

ಸೊಪ್ಪಿನ ಮೇಲೆ ಚೆಲ್ಲಿದಳು. ಕೈಗೆ ರೂಢಿಯಿರಲಿಲ್ಲ, ಅರ್ಧ ಅವಳ ಸೀರೆಯ ಮೇಲೇ ಬಿತ್ತು.

"ಹುಲ್ಲುಲ್ಲಿಗೋ..."

ಯಾರೂ ಓಗೊಡಲಿಲ್ಲ. ಬಾಲ್ಕನಿಯಿಂದ ಯಾರೋ ಇಣುಕಿದರು. ನೋಡಲಿ, ನಗಲಿ! ಅವಳು ಎದೆ ತುಂಬ ಉಸಿರೆಳೆದು, ಕ್ಲಾಸಿನಲ್ಲಿ ನಕ್ಕವರಿಗೆಲ್ಲ ಕೇಳುವಂತೆ, ಅಪ್ಪನಿಗೆ ಕೇಳುವಂತೆ ಕೂಗಿದಳು.

"ಹುಲ್ಲುಲ್ಲಿಗೋ!"

"ಚಲಾಂಬ್ರಿಗೋ!"

ಹಿಂದಿನಿಂದ! ಬೆನ್ನ ಮೇಲೆ ತಣ್ಣನೆಯ ಹನಿಗಳು ಬಿದ್ದವು.

ಅವಳು ತಿರುಗಲಿಲ್ಲ. ತಿರುಗಿದರೆ ಅತ್ತುಬಿಡುತ್ತಿದ್ದಳು. ದಂಡೆಯ ಮೇಲೆ ಕೂತ ಭೀಮಬಾಯಿ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ, ಅವಳ ಪಕ್ಕದಲ್ಲಿದ್ದ ತಂಬಿಗೆ ಮಾತ್ರ ಇರಲಿಲ್ಲ.

"ರೈಲು?" ಎಂದಳು ಪ್ರಿಯದರ್ಶಿನಿ, ಮುಂದೆ ನೋಡುತ್ತಲೇ.

"ಹೋತು. ಕಂಟೋನ್ಮೆಂಟ್ ಸ್ಟೇಷನ್ನಿನ ತನಕ ಹೋಗಿದ್ದೆ. ಕಾಲು ಏಳಲಿಲ್ಲ."

"ಹೈದರಾಬಾದಿನ ಕೆಲಸ?"

"ಫೋನ್ ಮಾಡಿ ಬೈಸಿಕೊಂಡೆ. ಪಾಷಾ ಭಾಯ್‌ಗೂ ಮಾಡ್ದೆ. ಅವರೂ ಬೈದ್ರು, ಆದ್ರ ನಾಳಿ ಹೊತ್ತಿಗೆ ಸರಿಯಾಗಿ ಬಾ ಅಂದ್ರು." ಅವನ ದನಿ ಹತ್ತಿರ ಬಂತು. "ನಿಮ್ಮ ಬುಟ್ಟಿ ಇಲ್ಲಿ ಕೊಡ್ರಿ ಮೇಡಂ. ಸಾಕು, ದಣದೀರಿ. ಕೂಡ್ರಿ ಒಂದೀಟು. ಉಳಿದದ್ದು ನಾ ಮಾಡ್ತೀನಿ."

ಕೂಡ್ರಿ, ನಾ ಮಾಡ್ತೀನಿ!

ಈಗ ಅವಳು ತಿರುಗಿದಳು. ಅತ್ತೂಬಿಟ್ಟಳು. ಬುಟ್ಟಿ ಮಾತ್ರ ಕೊಡಲಿಲ್ಲ, ಅದರ ಇನ್ನೊಂದು ಅಂಚನ್ನು ಅವನ ಕೈಗೆ ಹಿಡಿಸಿದಳು.

"ಮೇಡಂ ಅನ್ನಬ್ಯಾಡ."

"ಮತ್ತ ಏನನ್ಲಿ?"

"ಮನ್ಯಾಗ ಪಿರಿಯಾ ಅಂತಾರ."

ಬಸು ತಬ್ಬಿಬ್ಬಾದ. "ಅದು ಮನೀ ಮಂದಿ ಕರಿಯೋ ಹೆಸರಲ್ಲ?"

"ಹೂಂ," ಎಂದಳು ಅವಳು, ಕೆನ್ನೆ ಒರೆಸಿಕೊಳ್ಳುತ್ತ. "ಅದಕ್ಕೇ ಹೇಳ್ಲತ್ತೀನಿ."

ದಂಡೆಯಿಂದ ಭೀಮಬಾಯಿ ಕೂಗಿದಳು. "ರೊಟ್ಟಿ ಆರ್ಲತ್ತದ! ತಾಟ ಖಾಲಿ ಬಿಟ್ಟು ಏನು ಮಾತಾಡ್ಲತ್ತೀರಿ ಅಲ್ಲಿ?"

"ಬಂದ್ವಿ ಅವ್ವಾ!" ಎಂದ ಬಸು. ಆಮೇಲೆ ಅವಳಿಗಷ್ಟೇ ಕೇಳುವಂತೆ ಹೇಳಿದ.

"ನಡಿ ಪಿರಿಯಾ. ನಿನ್ನ ತಾಟ ಕಾಯ್ಲತ್ತದ."